ಕೈಪೆಟ್ಟಿಗೆಯೋ, ಒಪ್ಪಿಸುವ ಪೆಟ್ಟಿಗೆಯೋ?

(ನಮ್ಮ ಕೂಟದ ಭಾನುವಾರ ಸಂಜೆಯ ಸಭೆಯಲ್ಲಿ ಮಾಡಿದ ಭಾಷಣ)



ಇಂದಿನ ವಿಷಯವನ್ನು ಕೇಳಿ ಕೆಲವರಿಗೆ ನಗು ಬರಬಹುದು. ಈ ಕೂಟದಲ್ಲಿ ನಾವು ಬೋನಸ್ಸಿನ ವಿಷಯ ಮಾತಾಡಿದ್ದೇವೆ, ಪ್ರಾವಿಡೆಂಟ್ ಫಂಡಿನ ವಿಷಯ ಮಾತಾಡಿದ್ದೇವೆ, ಕುಡಿತದ ವಿಷಯವನ್ನಂತೂ ಮಾತಾಡಿ ಮಾತಾಡಿ ಗಂಟಲು ಒಣಗಿಸಿಕೊಂಡಿದ್ದೇವೆ. ಈಗ ಪೆಟ್ಟಿಗೆಯ ವಿಷಯ. ಇದೂ ಒಂದು ವಿಷಯವೇ ಎನ್ನಬೇಡಿ. ನಮ್ಮ ಲೈನುಗಳಿಂದ ಮಕ್ಕಳು ವಿಮಾನ ಹತ್ತುವ ಕಾಲ ಬಂದಿದೆ. ನಮ್ಮಲ್ಲಿ ಯಾರೂ ಹಿಂದೆ ಹತ್ತಿದವರಲ್ಲ, ಆದಕಾರಣ ಹೇಳಿಕೊಡುವವರೂ ಇಲ್ಲ. ಸಾಲ ಮಾಡಿ ತಂದ ಹಣ ಪೆಟ್ಟಿಗೆಯ ಅಂಗಡಿಯಲ್ಲೂ, ವಿಮಾನ ನಿಲ್ದಾಣದ ತಕ್ಕಡಿಯ ಮುಂದೆಯೂ ಪೋಲಾಗುವುದನ್ನು ನಾವು ಕಣ್ಣಾರೆ ಕಂಡಿದ್ದೇವೆ.

ನಮ್ಮ ಹಿರಿಯರು ಘಟ್ಟ ಹತ್ತಿ ಬಂದಾಗ ಒಂದು ತಗಡಿನ ಟ್ರಂಕು, ಒಂದು ಕಂಬಳಿ ಗಂಟು. ಆ ಟ್ರಂಕು ಇಂದಿಗೂ ಹಲವರ ಮಂಚದ ಕೆಳಗಿದೆ. ಬ್ಯಾಪ್ಟಿಸಂ ಚೀಟಿ, ಮದುವೆ ಸೀರೆ, ತೀರಿಹೋದವರ ಫೋಟೋ ಎಲ್ಲವೂ ಅದರೊಳಗೆ. 1964ರ ಒಪ್ಪಂದದ ಮೇಲೆ ಸಿಲೋನಿನಿಂದ ನೀಲಗಿರಿಗೆ ಬಂದು ನಮ್ಮ ಪಕ್ಕದ ಲೈನುಗಳಲ್ಲಿ ನೆಲೆಸಿದ ತಮಿಳು ಕುಟುಂಬಗಳೂ ಅಂಥದೇ ಟ್ರಂಕು ಹೊತ್ತು ಹಡಗಿಳಿದವರು. ಆಮೇಲೆ 1970ರ ದಶಕದಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ ಸೂಟ್‌ಕೇಸು ಬಂತು. ರೈಟರ ಮನೆಯ ಮದುವೆಗೆ ಅದನ್ನು ಉಡುಗೊರೆ ಕೊಟ್ಟರೆ ಊರೆಲ್ಲ ನೋಡುತ್ತಿತ್ತು. ಈಗ ಅದಕ್ಕೆ ಚಕ್ರ ಬಂದಿದೆ. ಚಕ್ರದ ಪೆಟ್ಟಿಗೆಗೆ ಅಮೆರಿಕದಲ್ಲಿ ಪೇಟೆಂಟ್ ಸಿಕ್ಕಿದ್ದೇ 1972ರಲ್ಲಿ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟದ್ದು 1969ರಲ್ಲಿ. ಹೊರುವವನ ತಲೆ ಅಗ್ಗವಾಗಿದ್ದಷ್ಟು ಕಾಲ ಚಕ್ರದ ಯೋಚನೆ ಯಾರಿಗೆ ಬರುತ್ತದೆ?

ಇರಲಿ. ವಿಷಯಕ್ಕೆ ಬರೋಣ. ವಿಮಾನದಲ್ಲಿ ಸಾಮಾನು ಎರಡು ವಿಧವಾಗಿ ಹೋಗುತ್ತದೆ. ಒಂದು, ನಮ್ಮ ಕೈಯಲ್ಲೇ ಇದ್ದು ತಲೆಯ ಮೇಲಿನ ಗೂಡಿನಲ್ಲಿ ಇಡುವುದು. ಇನ್ನೊಂದು, ಕೌಂಟರಿನಲ್ಲಿ ತೂಗಿಸಿ ಅವರಿಗೆ ಒಪ್ಪಿಸಿ, ಇಳಿದ ಮೇಲೆ ತಿರುಗುವ ಪಟ್ಟಿಯಿಂದ ಎತ್ತಿಕೊಳ್ಳುವುದು. ಕೈಸಾಮಾನಿಗೆ ನಮ್ಮ ದೇಶದ ಹೆಚ್ಚಿನ ವಿಮಾನಗಳಲ್ಲಿ ಸಾಧಾರಣ ಟಿಕೆಟಿಗೆ 7 ಕಿಲೋ ಮಿತಿ. ಅಳತೆ 55 ಸೆಂಟಿಮೀಟರ್ ಎತ್ತರ, 35 ಅಗಲ, 25 ದಪ್ಪ. ಒಪ್ಪಿಸುವ ಸಾಮಾನಿಗೆ ದೇಶದೊಳಗೆ ಸಾಮಾನ್ಯವಾಗಿ 15 ಕಿಲೋ. ಗಲ್ಫಿಗಾದರೆ 20ರಿಂದ 30 ಕಿಲೋವರೆಗೆ ಟಿಕೆಟಿನ ಪ್ರಕಾರ. ಕೆಲವು ಅಗ್ಗದ ಟಿಕೆಟುಗಳಲ್ಲಿ ಒಪ್ಪಿಸುವ ಸಾಮಾನೇ ಸೇರಿರುವುದಿಲ್ಲ. ಏಜೆಂಟು "ಕಡಿಮೆಗೆ ಮಾಡಿಸಿಕೊಟ್ಟೆ" ಎಂದಾಗ ಮೊದಲು ಕೇಳಬೇಕಾದದ್ದು ಇದನ್ನೇ: ಎಷ್ಟು ಕಿಲೋ ಬರೆದಿದೆ, ಒಂದೇ ಪೆಟ್ಟಿಗೆಯೋ ಎರಡಕ್ಕೆ ಅವಕಾಶವೋ? ಓದಲು ಬಾರದಿದ್ದರೆ ಮಗಳ ಕೈಯಲ್ಲಿ ಓದಿಸಿ. ನಾಚಿಕೆಯ ಮಾತೇನೂ ಅಲ್ಲ.

ತೂಕದ ಲೆಕ್ಕವನ್ನು ನಮ್ಮ ಹೆಂಗಸರಿಗೆ ಹೇಳಿಕೊಡಬೇಕಾದದ್ದಿಲ್ಲ. ಎಲೆ ತೂಗುವಾಗ ಚೀಲಕ್ಕೆಂದು ಇಷ್ಟು, ನೀರಿಗೆಂದು ಇಷ್ಟು ಕಳೆಯುತ್ತಾರಲ್ಲ, ಆ ಕಳೆಯುವಿಕೆಯ ಮೇಲೆ ಎಷ್ಟು ಜಗಳ ಆಗಿಲ್ಲ! ಪೆಟ್ಟಿಗೆಯಲ್ಲಿಯೂ ಅದೇ ಲೆಕ್ಕ. ಗಟ್ಟಿ ಪೆಟ್ಟಿಗೆ ಬರಿದಾಗಿರುವಾಗಲೇ ಭಾರ. 28 ಇಂಚಿನ ದೊಡ್ಡದು ನಾಲ್ಕರಿಂದ ಐದು ಕಿಲೋ ತೂಗುತ್ತದೆ. ಕೈಯಲ್ಲಿ ಒಯ್ಯುವ ಚಿಕ್ಕ ಗಟ್ಟಿ ಪೆಟ್ಟಿಗೆಯೇ ಎರಡೂವರೆಯಿಂದ ಮೂರು ಕಿಲೋ. ಏಳರಲ್ಲಿ ಮೂರು ಹೋದರೆ ಉಳಿಯಿತು ನಾಲ್ಕು! ಒಳ್ಳೆಯ ಬಟ್ಟೆಯ ಹೆಗಲ ಚೀಲವಾದರೆ ಒಂದು ಕಿಲೋದೊಳಗೆ ಮುಗಿಯುತ್ತದೆ, ಆರು ಕಿಲೋ ನಮ್ಮದಾಗುತ್ತದೆ. ತೂಕದಲ್ಲಿ ಮೋಸಹೋಗದ ನಮ್ಮ ಅಕ್ಕಂದಿರು ಪೆಟ್ಟಿಗೆ ಅಂಗಡಿಯಲ್ಲಿ ಬಣ್ಣ ನೋಡಿ ಮರುಳಾಗುತ್ತಾರೆ. ಪೆಟ್ಟಿಗೆಯ ಬರಿತೂಕ ಎಷ್ಟೆಂದು ಕೇಳುವುದೇ ಇಲ್ಲ.

ನಮ್ಮಲ್ಲಿ ಒಬ್ಬ ಹುಡುಗ ಕೊಯಮತ್ತೂರಿನಿಂದ ಹೊರಟ ದಿನ ನಾವು ಮೂವರು ಜೀಪಿನಲ್ಲಿ ಜೊತೆಗೆ ಹೋಗಿದ್ದೆವು. ಮನೆಯವರು ಸೊಸೈಟಿ ಸಾಲದಲ್ಲಿ ಅಂಗಡಿಯಲ್ಲಿದ್ದ ಅತಿ ದೊಡ್ಡ ಗಟ್ಟಿ ಪೆಟ್ಟಿಗೆ ತಂದಿದ್ದರು. ದೊಡ್ಡದಿದ್ದರೆ ತುಂಬುವ ಆಸೆ ತಾನಾಗಿ ಬರುತ್ತದೆ. ರಾಗಿ ಹಿಟ್ಟು, ಉಪ್ಪಿನಕಾಯಿ, ಕಾರದ ಪುಡಿ, ಎಸ್ಟೇಟಿನ ಚಹಾಪುಡಿ, ಕಂಬಳಿ. ಆ ಸುಡುವ ದೇಶಕ್ಕೆ ಕಂಬಳಿ ಯಾಕೆ ಎಂದು ಯಾರೂ ಕೇಳಲಿಲ್ಲ, ಅವ್ವ ಕೊಟ್ಟದ್ದಲ್ಲವೇ. ಟಿಕೆಟಿನಲ್ಲಿದ್ದದ್ದು 30 ಕಿಲೋ. ತಕ್ಕಡಿ ತೋರಿಸಿದ್ದು 37. ಹೆಚ್ಚಿನ ತೂಕಕ್ಕೆ ಕೇಳಿದ ಹಣ ಅವನ ಅವ್ವನ ಹಲವು ದಿನಗಳ ಕೂಲಿ. ಹುಡುಗ ನೂರು ಜನರ ಮುಂದೆ ನೆಲದ ಮೇಲೆ ಪೆಟ್ಟಿಗೆ ಬಿಚ್ಚಿ ಕೂತ. ಅವ್ವ ಗಾಜಿನ ಹೊರಗೆ ನಿಂತು, ತಾನು ಕಟ್ಟಿದ್ದು ಒಂದೊಂದಾಗಿ ಹೊರಬರುವುದನ್ನು ನೋಡುತ್ತಿದ್ದಳು. ಮೊದಲು ಬಂದದ್ದು ಕಂಬಳಿ.

ಅಪೊಸ್ತಲರ ಕೃತ್ಯಗಳ 27ನೆಯ ಅಧ್ಯಾಯ ನಿಮಗೆ ಗೊತ್ತಿದೆ. ಬಿರುಗಾಳಿಗೆ ಸಿಕ್ಕಿದ ಹಡಗಿನಿಂದ ಮೊದಲು ಸರಕು ಎಸೆದರು, ಆಮೇಲೆ ಹಡಗಿನ ಸಲಕರಣೆ, ಕಡೆಗೆ ಗೋಧಿಯನ್ನೂ. ಅವರು ಬಿರುಗಾಳಿಯಲ್ಲಿ ಮಾಡಿದ್ದನ್ನು ನಾವು ಮನೆಯಲ್ಲಿ, ಹಿಂದಿನ ದಿನವೇ, ಶಾಂತವಾಗಿ ಕೂತು ಮಾಡಬಹುದಲ್ಲ.

ಹಾಗಾದರೆ ಒಪ್ಪಿಸುವುದಕ್ಕೆ ಎಂಥ ಪೆಟ್ಟಿಗೆ? ಅದಕ್ಕೆ ಗಟ್ಟಿಯದೇ ಸರಿ ಎಂಬುದು ನಮ್ಮ ಅಭಿಪ್ರಾಯ. ನಮ್ಮ ಕಡೆ ಜೂನ್ ತಿಂಗಳಲ್ಲಿ ಹೊರಟವರು ಜೀಪಿನ ಮೇಲೆ ಕಟ್ಟಿದ ಬಟ್ಟೆಯ ಚೀಲ ಹಿಂಡಿ ನೀರು ತೆಗೆದದ್ದನ್ನು ಮರೆತಿಲ್ಲ. ಗಟ್ಟಿ ಪೆಟ್ಟಿಗೆಯ ಮೇಲೆ ಇನ್ನೊಂದು ಪೆಟ್ಟಿಗೆ ಬಿದ್ದರೂ ಒಳಗಿನ ಸೀಸೆ ತಡೆಯುತ್ತದೆ. ಆದರೆ ಗಟ್ಟಿ ಎಂದದ್ದೆಲ್ಲ ಒಂದೇ ಅಲ್ಲ. ಒಳಗಿನ ಚೀಟಿಯಲ್ಲಿ ಪಾಲಿಕಾರ್ಬೊನೇಟ್ ಎಂದಿದೆಯೋ, ಎಬಿಎಸ್ ಎಂದಿದೆಯೋ ನೋಡಿ. ಪಾಲಿಕಾರ್ಬೊನೇಟಿನ ಮುಚ್ಚಳವನ್ನು ಅಂಗೈಯಿಂದ ಒತ್ತಿದರೆ ಬಗ್ಗಿ ಮತ್ತೆ ಎದ್ದು ನಿಲ್ಲುತ್ತದೆ. ಎಬಿಎಸ್ ಅಗ್ಗ, ನೋಡಲು ಇನ್ನೂ ಗಟ್ಟಿ, ಆದರೆ ಮೂಲೆಗೆ ಬಲವಾದ ಪೆಟ್ಟು ಬಿದ್ದರೆ ಬಿರುಕು ಬಿಡುವುದು ಹೆಚ್ಚಾಗಿ ಅದೇ. ಬಗ್ಗುವುದೇ ಬಾಳುತ್ತದೆ, ಅಂಗಡಿಯವನು ಮಾತ್ರ ಬಡಿದು ಸದ್ದು ಕೇಳಿಸಿ ಬಗ್ಗದ್ದನ್ನೇ ಮಾರುತ್ತಾನೆ.

ಚಕ್ರದ ವಿಷಯವಾಗಿ ಒಂದು ಮಾತು. ನಾಲ್ಕು ಚಕ್ರದ್ದು ನಿಲ್ದಾಣದ ನುಣುಪು ನೆಲದ ಮೇಲೆ ನಾಯಿಮರಿಯಂತೆ ಜೊತೆಗೆ ಬರುತ್ತದೆ. ನಮ್ಮ ಲೈನಿನಿಂದ ಬಸ್ಸಿನವರೆಗಿನ ಕಲ್ಲುದಾರಿಯಲ್ಲಿ ಎಳೆದರೆ ಮೊದಲ ತಿರುವಿಗೇ ಒಂದು ಕಾಲು ಹೋಗುತ್ತದೆ. ಅಲ್ಲಿಯವರೆಗೆ ತಲೆಯ ಮೇಲೆಯೇ ಹೊತ್ತು ತನ್ನಿ. ಒಳಗೆ ಹುದುಗಿದ ಎರಡು ಚಕ್ರದ್ದು ಸಿಕ್ಕರೆ ಅದು ಹೆಚ್ಚು ತಾಳುತ್ತದೆ.

ಅಳತೆ 24 ಅಥವಾ 25 ಇಂಚು ಸಾಕು. ದೊಡ್ಡದು ಬೇಡ. ಒಂದೇ ಪೆಟ್ಟಿಗೆ 32 ಕಿಲೋ ದಾಟಿದರೆ ಹಣ ಕೊಟ್ಟರೂ ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಅದನ್ನು ಎತ್ತುವವರೂ ಕೂಲಿಯವರೇ, ಅವರ ಬೆನ್ನು ಉಳಿಯಲೆಂದು ಮಾಡಿದ ನಿಯಮ ಅದು. ಇನ್ನೊಂದು ಕಾರಣವೂ ಇದೆ. ಇಂದಿನ ಗಟ್ಟಿ ಪೆಟ್ಟಿಗೆ ಪುಸ್ತಕದಂತೆ ಎರಡು ಹೋಳಾಗಿ ತೆರೆಯುತ್ತದೆ. ಕೂಲಿಯವರ ಕೋಣೆಯಲ್ಲಿ ಎರಡು ಮಂಚದ ನಡುವೆ ಅಷ್ಟು ನೆಲ ಸಿಕ್ಕುವುದಿಲ್ಲ. ಆ ವಿಷಯದಲ್ಲಿ ಹಳೆಯ ಟ್ರಂಕೇ ಜಾಣ.

ಜಿಪ್ ಇರುವ ಪೆಟ್ಟಿಗೆಗೆ ಬೀಗ ಹಾಕಿ ನೆಮ್ಮದಿಯಿಂದಿರಬೇಡಿ. ಪೆನ್ನಿನ ಮೊನೆಯಿಂದ ಜಿಪ್ಪಿನ ಹಲ್ಲು ಬಿಡಿಸಿ, ಮತ್ತೆ ಬೀಗವನ್ನೇ ಎಳೆದು ಮುಚ್ಚಿಬಿಡಬಹುದು, ಗುರುತೂ ಸಿಕ್ಕುವುದಿಲ್ಲ. ಆದಕಾರಣ ಬೆಲೆಬಾಳುವುದು ಒಪ್ಪಿಸುವ ಪೆಟ್ಟಿಗೆಯಲ್ಲಿ ಇರಲೇಬಾರದು.

ಇಲ್ಲಿ ಮುಖ್ಯ ವಿಷಯಕ್ಕೆ ಬರುತ್ತೇವೆ. ನರ್ಸಿಂಗ್ ಕಲಿತ ನಮ್ಮ ಒಬ್ಬ ಮಗಳು ಸರ್ಟಿಫಿಕೇಟು, ಕೆಲಸದ ಕರಾರು ಎಲ್ಲವನ್ನೂ ಮಡಿಚು ಬೀಳದಂತೆ ಗಟ್ಟಿ ಪೆಟ್ಟಿಗೆಯ ತಳದಲ್ಲಿಟ್ಟಳು. ಪಾಪ, ಜೋಪಾನವೆಂದೇ ಇಟ್ಟದ್ದು. ಅವಳು ಇಳಿದಳು, ಪೆಟ್ಟಿಗೆ ಇಳಿಯಲಿಲ್ಲ. ಮೂರು ದಿನದ ಮೇಲೆ ಬಂತು. ಆ ಮೂರು ದಿನ ಉಟ್ಟ ಬಟ್ಟೆಯಲ್ಲಿ, ಕೈಯಲ್ಲಿ ಒಂದು ಕಾಗದವಿಲ್ಲದೆ, ಕೆಲಸಕ್ಕೆ ಸೇರಿಸಿಕೊಳ್ಳುತ್ತಾರೋ ಇಲ್ಲವೋ ಎಂದು ಅತ್ತಳು. ತಿಮೊಥೆಯನಿಗೆ ಬರೆದ ಎರಡನೆಯ ಪತ್ರದ ಕಡೆಯಲ್ಲಿ ಪೌಲನು ತ್ರೋವದಲ್ಲಿ ಬಿಟ್ಟುಬಂದ ಮೇಲಂಗಿಯನ್ನು ತರಹೇಳುತ್ತಾನೆ, ಪುಸ್ತಕಗಳನ್ನು ಕೇಳುತ್ತಾನೆ, ಎಲ್ಲಕ್ಕಿಂತ ಹೆಚ್ಚಾಗಿ ಚರ್ಮದ ಕಾಗದಗಳನ್ನು ಕೇಳುತ್ತಾನೆ. ಸೆರೆಮನೆಯಲ್ಲಿ ಕೂತಿದ್ದರೂ ಕಾಗದದ ಚಿಂತೆ ಬಿಟ್ಟಿರಲಿಲ್ಲ.

ಕೈಚೀಲದಲ್ಲಿ ಇರಬೇಕಾದದ್ದು: ಪಾಸ್‌ಪೋರ್ಟು, ವೀಸಾ, ಕರಾರು, ಸರ್ಟಿಫಿಕೇಟು, ಹಣ, ಡಾಕ್ಟರ ಚೀಟಿಯೊಡನೆ ಮಾತ್ರೆ, ಕನ್ನಡಕ, ಒಂದು ಜೊತೆ ಬಟ್ಟೆ. ಎಲ್ಲ ಕಾಗದದ ಒಂದೊಂದು ಪ್ರತಿ ಮನೆಯ ಟ್ರಂಕಿನಲ್ಲಿ ಇರಲಿ. ಫೋನಿಗೆ ಕರೆಂಟು ತುಂಬುವ ಪವರ್ ಬ್ಯಾಂಕು ಕೈಯಲ್ಲೇ ಇರಬೇಕು. ಬೆಂಕಿ ಹತ್ತುವ ಭಯದಿಂದ ಒಪ್ಪಿಸುವ ಪೆಟ್ಟಿಗೆಯಲ್ಲಿ ಬಿಡುವುದಿಲ್ಲ. ಚಾಕು, ಕತ್ತರಿ ಪೆಟ್ಟಿಗೆಗೆ. ಎಣ್ಣೆ, ತುಪ್ಪ, ಉಪ್ಪಿನಕಾಯಿಯೂ ಪೆಟ್ಟಿಗೆಗೇ, ಬಾಯಿ ಭದ್ರವಾಗಿ ಕಟ್ಟಿ. ಹೊರದೇಶದ ವಿಮಾನದಲ್ಲಿ ಕೈಯಲ್ಲಿ ನೀರಿನಂಥದ್ದು ಒಂದೊಂದು 100 ಮಿಲಿಲೀಟರ್ ಮೀರಬಾರದು. ಒಣಕೊಬ್ಬರಿಯನ್ನು ಎರಡರಲ್ಲಿಯೂ ಇಡಬೇಡಿ. ಅದು ತಾನಾಗಿ ಕಾದು ಹೊತ್ತಿಕೊಳ್ಳುವ ಪದಾರ್ಥಗಳ ಪಟ್ಟಿಯಲ್ಲಿದೆ.

ಗಸಗಸೆ! ತಾಯಂದಿರೇ, ದಯವಿಟ್ಟು ಕೇಳಿ. ಪಾಯಸಕ್ಕೆಂದು ನಾವು ಕಟ್ಟಿಕೊಡುವ ಒಂದು ಹಿಡಿ ಗಸಗಸೆ ಸೌದಿಯಲ್ಲಿಯೂ ಅರಬ್ ಸಂಯುಕ್ತ ಸಂಸ್ಥಾನದಲ್ಲಿಯೂ ಅಫೀಮಿನ ಲೆಕ್ಕ. ಮಗ ಜೈಲು ಸೇರಬಹುದು. ಮಸಾಲೆ ಪುಡಿಯಲ್ಲಿ ಬೆರೆಸಿದ್ದರೂ ಬೇಡ.

ಇದಕ್ಕಿಂತ ದೊಡ್ಡ ಅಪಾಯ ಇನ್ನೊಬ್ಬರ ಪೊಟ್ಟಣ. "ಅಲ್ಲಿ ನಮ್ಮ ಭಾವ ಬಂದು ತೆಗೆದುಕೊಳ್ಳುತ್ತಾನೆ, ಬರೀ ಹಲ್ವ" ಎಂದು ಬಸ್‌ಸ್ಟ್ಯಾಂಡಿನಲ್ಲಿ ಕೊಡುವವರು ಇದ್ದಾರೆ. ಟಿಕೆಟು ಮಾಡಿಸಿಕೊಟ್ಟವನೇ ಕೊಟ್ಟರೆ ಬೇಡ ಎನ್ನಲು ಬಾಯಿ ಬರುವುದಿಲ್ಲ, ಅದು ನಮಗೂ ಗೊತ್ತು. ಆದಿಕಾಂಡದಲ್ಲಿ ಬೆನ್ಯಾಮೀನನ ಚೀಲದಲ್ಲಿ ಬೆಳ್ಳಿಯ ಪಾತ್ರೆ ಸಿಕ್ಕಿತಲ್ಲ, ಅವನು ಇಟ್ಟದ್ದೇ? ಅಲ್ಲ. ಆದರೂ ಚೀಲ ಯಾರದೋ ಅವನೇ ಕಳ್ಳನೆಂದರು. ಅಲ್ಲಿ ಪರೀಕ್ಷಿಸಿದವನು ಸ್ವಂತ ಅಣ್ಣ ಯೋಸೇಫ, ಆದಕಾರಣ ಕಡೆಗೆ ಅಪ್ಪಿಕೊಂಡ. ಗಲ್ಫಿನ ಕಸ್ಟಮ್ಸಿನಲ್ಲಿ ನಮ್ಮ ಅಣ್ಣ ಯಾರೂ ಕೂತಿಲ್ಲ. ಬಾಯಿ ಬರದಿದ್ದರೆ ನಮ್ಮ ಹೆಸರು ಹೇಳಿ: "ನಮ್ಮ ಕೂಟದವರು ಬೇರೆಯವರ ಸಾಮಾನು ಮುಟ್ಟಬಾರದೆಂದು ಪ್ರಮಾಣ ಮಾಡಿಸಿದ್ದಾರೆ" ಎನ್ನಿ. ಕೋಪ ನಮ್ಮ ಮೇಲೆ ಬರಲಿ.

ಪೆಟ್ಟಿಗೆ ಬಾರದಿದ್ದರೆ ಅಥವಾ ಒಡೆದು ಬಂದರೆ ಆ ಹಾಲಿನಿಂದ ಹೊರಗೆ ಕಾಲಿಡಬೇಡಿ. ಒಪ್ಪಿಸಿದಾಗ ಕೊಟ್ಟ ಚಿಕ್ಕ ಚೀಟಿಯನ್ನು ತೋರಿಸಿ, ಅಲ್ಲಿಯ ಸಾಮಾನು ಕೌಂಟರಿನಲ್ಲಿ ದೂರು ಬರೆಸಿ, ನಂಬರು ಪಡೆಯಿರಿ. 1999ರ ಮಾಂಟ್ರಿಯಲ್ ಒಪ್ಪಂದಕ್ಕೆ ನಮ್ಮ ದೇಶ 2009ರಲ್ಲಿ ಸೇರಿದೆ. ಅದರ ಪ್ರಕಾರ ಹಾಳಾದ ಸಾಮಾನಿಗೆ 7 ದಿನದೊಳಗೆ, ತಡವಾಗಿ ಬಂದದ್ದಕ್ಕೆ ಬಂದ ದಿನದಿಂದ 21 ದಿನದೊಳಗೆ ಬರೆದು ದೂರು ಕೊಡಬೇಕು. 21 ದಿನ ಕಳೆದರೂ ಬಾರದಿದ್ದರೆ ಕಳೆದುಹೋಯಿತೆಂದು ಪರಿಹಾರ ಕೇಳುವ ಹಕ್ಕಿದೆ. ಇದು ದೊರೆಗಳು ಕೊಡುವ ದಾನವಲ್ಲ. ಆ ಮಗಳು ಅಳುತ್ತಿದ್ದರೂ ದೂರು ಬರೆಸಿದ್ದಳು, ಅದರಿಂದಲೇ ಪೆಟ್ಟಿಗೆ ಅವಳನ್ನು ಹುಡುಕಿಕೊಂಡು ಬಂತು. ಹೊರಡುವ ಮುನ್ನ ಪೆಟ್ಟಿಗೆಯ ಫೋಟೋ ತೆಗೆಯಿರಿ, ಹೆಸರು ಮತ್ತು ಫೋನ್ ನಂಬರನ್ನು ಇಂಗ್ಲಿಷ್ ಅಕ್ಷರದಲ್ಲಿ ಒಳಗೂ ಹೊರಗೂ ಅಂಟಿಸಿ, ಹಿಡಿಗೆ ಹಳೆಯ ಸೀರೆಯ ಒಂದು ತುಂಡು ಕಟ್ಟಿ. ಅಲ್ಲಿ ಬರುವ ಪೆಟ್ಟಿಗೆಗಳೆಲ್ಲ ಕಪ್ಪು ಇಲ್ಲವೆ ನೀಲಿ.

ಕರ್ತನು ಶಿಷ್ಯರನ್ನು ಚೀಲವಿಲ್ಲದೆ ಕಳುಹಿಸಲಿಲ್ಲವೇ ಎಂದು ಹೋದ ವಾರ ಒಬ್ಬ ಹಿರಿಯರು ನಮ್ಮನ್ನು ಕೇಳಿದರು. ನಿಜ. ಅದೇ ಲೂಕನ 22ನೆಯ ಅಧ್ಯಾಯದಲ್ಲಿ, ಚೀಲವಿದ್ದವನು ಈಗ ತೆಗೆದುಕೊಂಡು ಹೋಗಲಿ ಎಂಬ ಅರ್ಥದ ಮಾತೂ ಇದೆ. ಎರಡನ್ನೂ ಓದಬೇಕು, ದೊಡ್ಡಪ್ಪ.

ಕಡೆಯದಾಗಿ ಒಂದು ಪ್ರಕಟಣೆ. ಕೂಟದ ಹಣದಿಂದ ಕೊಕ್ಕೆಯ ತೂಕದ ಯಂತ್ರ ಒಂದನ್ನೂ, 24 ಇಂಚಿನ ಪೆಟ್ಟಿಗೆ ಎರಡನ್ನೂ ಕೊಂಡಿದ್ದೇವೆ. ಬೇಕಾದವರು ಪೆಟ್ಟಿಗೆ ಒಯ್ಯಬಹುದು; ರಜೆಗೆ ಬಂದಾಗ ಹಿಂದಿರುಗಿಸಿದರೆ ಸಾಕು, ಗೀರು ಬಿದ್ದರೆ ಕೇಳುವುದಿಲ್ಲ. ತೂಕದ ಯಂತ್ರ ಮಾತ್ರ ಇಲ್ಲಿಯೇ ಇರುತ್ತದೆ. ಹೊರಡುವ ಹಿಂದಿನ ಸಂಜೆ ಆರು ಗಂಟೆಗೆ ತುಂಬಿದ ಪೆಟ್ಟಿಗೆಯನ್ನು ಟಿಕೆಟಿನ ಸಮೇತ ಇಲ್ಲಿಗೆ ತನ್ನಿ. ಅವ್ವನೂ ಜೊತೆಗೆ ಬರಲಿ. ತೆಗೆಯಬೇಕಾದದ್ದು ಏನಾದರೂ ಇದ್ದರೆ ಅವಳ ಕೈಯಿಂದಲೇ ತೆಗೆಸೋಣ.