ಆಯಿ ಹಾಡಿದ್ದು, ಮೊಮ್ಮಗಳು ಬರೆದದ್ದು

ಈ ವಾರ ಕರ್ನಾಟಕದ ಗಡಿಯಾಚೆ, ಜತ್ತ ತಾಲ್ಲೂಕಿನ ಸಂಖದಲ್ಲಿ ಪರಿಚಯದವರ ಮನೆಗೆ ಹೋಗಿದ್ದೆ. ಪಡಸಾಲೆಯಲ್ಲಿ ಆಯಿ ಬೀಸುವ ಪದ ಹೇಳುತ್ತಿದ್ದರು, ಮೊಮ್ಮಗಳು ಬರೆದುಕೊಳ್ಳುತ್ತಿದ್ದಳು. ಬೀಸುಕಲ್ಲು ಹಿತ್ತಲು ಸೇರಿ ಎಷ್ಟೋ ವರ್ಷವಾಯಿತು, ಹಿಟ್ಟು ಬರುವುದು ಗಿರಣಿಯಿಂದ. ಆದರೂ ಆಯಿಯ ಬಲಗೈ ಗಾಳಿಯಲ್ಲೇ ಸುತ್ತುತ್ತಿತ್ತು. ಕೈ ನಿಂತರೆ ಪದವೂ ನಿಲ್ಲುತ್ತಿತ್ತು.

ಹುಡುಗಿ ಕಲಿಯುವುದು ಮರಾಠಿ ಶಾಲೆಯಲ್ಲಿ. ಕನ್ನಡದ ಪದವನ್ನು ಮರಾಠಿ ಅಕ್ಷರದಲ್ಲಿ ಬರೆಯುತ್ತಿದ್ದಳು. ಓದಿ ತೋರಿಸಿದಾಗ ಆಯಿಯ ‘ಒಲಿ’ ಹೋಗಿ ‘ಓಲಿ’ ಆಗಿತ್ತು. ಆ ಬರವಣಿಗೆಯಲ್ಲಿ ಹ್ರಸ್ವಕ್ಕೂ ದೀರ್ಘಕ್ಕೂ ಒಂದೇ ‘ಓ’.

“ಓಲಿ ಅಲ್ಲವ್ವಾ, ಒಲಿ. ರೊಟ್ಟಿ ಸುಡೂ ಒಲಿ,” ಎಂದರು ಆಯಿ.

ಹುಡುಗಿ ಸ್ವಲ್ಪ ಯೋಚಿಸಿ ಆ ಅಕ್ಷರದ ಕೆಳಗೆ ಸಣ್ಣದೊಂದು ಚುಕ್ಕೆ ಇಟ್ಟಳು. ಚುಕ್ಕೆ ಇದ್ದರೆ ಒಲಿ, ಇಲ್ಲದಿದ್ದರೆ ಓಲಿ. ಅದು ಅವಳೇ ಮಾಡಿಕೊಂಡ ಗುರುತು.

ಆ ಚುಕ್ಕೆ ನೋಡಿದಾಗ ನನಗೆ ಕವಯಿತ್ರಿ ಜಯದೇವಿತಾಯಿ ಲಿಗಾಡೆ ನೆನಪಾದರು. 1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ತಾಯಿ ಶಾಲೆಯಲ್ಲಿ ಕಲಿತದ್ದೂ ಮರಾಠಿಯನ್ನೇ. ಕನ್ನಡದ ಓದುಬರಹವನ್ನು ಅವರು ತಮ್ಮ ಹಟದಿಂದ ದಕ್ಕಿಸಿಕೊಂಡರು. ಮುಂದೆ ಸೊನ್ನಲಿಗೆಯ, ಅಂದರೆ ಸೊಲ್ಲಾಪುರದ, ಶರಣ ಸಿದ್ಧರಾಮನ ಮೇಲೆ ಪುರಾಣ ಬರೆಯಲು ಕೂತಾಗ ಅವರು ಆರಿಸಿಕೊಂಡದ್ದು ತ್ರಿಪದಿ. ನಮ್ಮ ಹೆಣ್ಣುಮಕ್ಕಳು ಬೀಸುತ್ತ, ಕುಟ್ಟುತ್ತ ಹಾಡಿದ ಅದೇ ಮೂರು ಸಾಲು. ಕೆರೆ ಕಟ್ಟಿಸಿದ ಶರಣನ ಕಥೆಗೆ ಬೆವರಿನ ಈ ಮಟ್ಟೇ ಸರಿ ಎನಿಸಿರಬೇಕು. ನಾಲ್ಕು ಸಾವಿರಕ್ಕೂ ಹೆಚ್ಚು ತ್ರಿಪದಿಗಳಲ್ಲಿ ಆ ಪುರಾಣ ನಿಂತಿದೆ.

ಸೊಲ್ಲಾಪುರ ಕರ್ನಾಟಕಕ್ಕೆ ಸೇರಬೇಕೆಂದು ತಾಯಿ ಹೋರಾಡಿದರು. 1956ರಲ್ಲಿ ನಾಡು ಒಂದಾದಾಗ ಅವರ ಊರು ಹೊರಗೇ ಉಳಿಯಿತು. ನಮ್ಮ ಜತ್ತವೂ ಹಾಗೆಯೇ. ಆ ನೋವು ಅವರಿಗೆ ಸಣ್ಣದಾಗಿರಲಿಲ್ಲ. ಆದರೆ ಅದರಿಂದ ಅವರು ಮರಾಠಿಯನ್ನು ದೂರ ಮಾಡಲಿಲ್ಲ. ಶರಣರ ವಚನಗಳನ್ನು ಆ ಭಾಷೆಗೂ ಒಯ್ದರು. ಗಡಿಯ ಮನೆಗೆ ಎರಡೂ ಬಾಗಿಲು ಬೇಕು ಎಂಬುದು ಅವರಿಗೆ ಗೊತ್ತಿತ್ತು.

1974ರಲ್ಲಿ ಮಂಡ್ಯದ ಸಾಹಿತ್ಯ ಸಮ್ಮೇಳನಕ್ಕೆ ತಾಯಿ ಅಧ್ಯಕ್ಷರಾದರು. ಸಮ್ಮೇಳನ ಶುರುವಾದದ್ದು 1915ರಲ್ಲಿ. ಅಷ್ಟು ವರ್ಷಗಳಲ್ಲಿ ಆ ಪೀಠದಲ್ಲಿ ಕೂತ ಮೊದಲ ಹೆಣ್ಣುಮಗಳು ಬಂದದ್ದು ಗಡಿಯಾಚೆಯ ಸೊಲ್ಲಾಪುರದಿಂದ. 1986ರಲ್ಲಿ ತಾಯಿ ಲಿಂಗೈಕ್ಯರಾದರು.

ಸಂಖದ ಆ ಹುಡುಗಿಗೆ ಈ ಹೆಸರು ಗೊತ್ತಿರಲಿಲ್ಲ. ನಾನು ಹೇಳಿದೆ. ಕೇಳಿಸಿಕೊಂಡು, “ಅವರೂ ಮರಾಠಿ ಸಾಳಿನ?” ಎಂದು ಒಮ್ಮೆ ಕೇಳಿ, ಮತ್ತೆ ಆಯಿಯ ಕಡೆ ತಿರುಗಿದಳು. ಆಯಿಯ ಕೈ ಮತ್ತೆ ಸುತ್ತತೊಡಗಿತು.

ನಿಮ್ಮ ಮನೆಯಲ್ಲೂ ಪದ ಬಲ್ಲ ಹಿರಿಯರು ಇದ್ದರೆ ಇವತ್ತು ಸಂಜೆ ಒಂದು ಗಳಿಗೆ ಅವರ ಹತ್ತಿರ ಕೂಡ್ರಿ. ಒಂದೇ ಒಂದು ತ್ರಿಪದಿ ಬರೆದುಕೊಳ್ಳಿ. ಯಾವ ಅಕ್ಷರದಲ್ಲಾದರೂ ಸರಿ, ತಪ್ಪಿದರೆ ಅವರೇ ತಿದ್ದುತ್ತಾರೆ. ತಿದ್ದುವವರು ಇರುವಾಗಲೇ ಬರೆದುಕೊಳ್ಳಿ.