ಠಾಣೆಯ ಪುಸ್ತಕವೂ ನಮ್ಮ ಊರಿನ ಕ್ಷೇಮವೂ

(ಶತಮಾನೋತ್ಸವದ ಅಂಗವಾಗಿ ಏರ್ಪಟ್ಟ ಸಭೆಯಲ್ಲಿ ಮಾಡಿದ ಭಾಷಣ)



ಇಗರ್ಜಿಯ ನೂರನೆಯ ವರ್ಷದ ಸಂಭ್ರಮದಲ್ಲಿ ಪೋಲೀಸರ ವಿಷಯವನ್ನೆತ್ತಿಕೊಂಡು ನಿಲ್ಲುವುದು ಕೆಲವರಿಗೆ ಅಪಶಕುನವಾಗಿ ತೋರಬಹುದು. ಪೋಲೀಸರು ಮನೆಯಂಗಳಕ್ಕೆ ಕಾಲಿಟ್ಟರೆಂದರೆ ಆ ಮನೆಯ ಮಾನ ಹೋಯಿತೆಂದೇ ನಮ್ಮ ಹಿರಿಯರು ತಿಳಿದಿದ್ದರು. ಆ ಅಂಜಿಕೆ ನಮ್ಮಲ್ಲಿಯೂ ಪೂರ್ತಿಯಾಗಿ ಅಳಿದಿಲ್ಲ. ಅದರಿಂದ ನಮಗಾಗಿರುವ ಹಾನಿಯ ಕುರಿತೇ ಈ ಹೊತ್ತು ನಾಲ್ಕು ಮಾತುಗಳನ್ನು ಹೇಳಬೇಕೆಂದಿದ್ದೇವೆ.

ನೂರು ವರ್ಷಗಳ ಹಿಂದೆ ನಮ್ಮ ತಾಲೂಕು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿತ್ತು. 1816ರಲ್ಲಿಯೇ ಮದರಾಸಿನ ಸರಕಾರವು ಊರಿನ ಮುಖ್ಯಸ್ಥನಿಗೆ ಕಾವಲಿನ ಅಧಿಕಾರವನ್ನು ಕೊಟ್ಟಿತ್ತು. 1859ರ ಕಾಯಿದೆಯಿಂದ ಸಮವಸ್ತ್ರ ಧರಿಸಿದ ಪೋಲೀಸು ದಳವು ಬಂದಿತು. ಆದರೂ ಹಳ್ಳಿಗನ ಪಾಲಿಗೆ ಸರಕಾರವೆಂದರೆ ಪಟೇಲರು, ಶಾನುಭೋಗರು ಮತ್ತು ಅವರ ಉಗ್ರಾಣಿ. ಬೇಲಿಯ ತಂಟೆ, ತೆಂಗಿನಕಾಯಿಯ ಕಳವು, ಅಣ್ಣ ತಮ್ಮಂದಿರ ಜಗಳ ಎಲ್ಲವೂ ಮೊದಲು ಅವರ ಕಿವಿಗೇ ಬೀಳುತ್ತಿದ್ದವು. ಅಲ್ಲಿ ನಡೆದುದೆಲ್ಲ ನ್ಯಾಯವೇ ಆಗಿತ್ತೆಂದು ನಾವು ಹೇಳಲಾರೆವು. ಒಕ್ಕಲಿಗೂ ಹೆಣ್ಣುಮಗಳಿಗೂ ಆ ಚಾವಡಿಯಲ್ಲಿ ಬಾಯಿ ಇರಲಿಲ್ಲ. 1961ರ ಕಾಯಿದೆಯಿಂದ ಆ ಗ್ರಾಮಾಧಿಕಾರಗಳು ರದ್ದಾದುದು ಒಳ್ಳೆಯದೇ ಆಯಿತು. ಆದರೆ ಒಂದು ವ್ಯತ್ಯಾಸವನ್ನು ನಾವು ಗಮನಿಸಲಿಲ್ಲ. ಪಟೇಲರಿಗೆ ಊರಿನ ಸುದ್ದಿ ತಾನಾಗಿ ತಲುಪುತ್ತಿತ್ತು; ಠಾಣೆಗೆ ನಾವು ಹೇಳಿದಷ್ಟು ಮಾತ್ರ ತಲುಪುತ್ತದೆ.

ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದನ್ನು ಠಾಣೆಯವರು ಬಹುಮಟ್ಟಿಗೆ ತಮ್ಮ ಪುಸ್ತಕವನ್ನು ನೋಡಿಯೇ ನಿರ್ಣಯಿಸುತ್ತಾರೆ. ನಾವು ಹೋಗಿ ಬರೆಯಿಸುವುದೇನನ್ನು? ಸರ ಹೋಯಿತು, ಬೈಕು ಹೋಯಿತು, ಕಾಣಿಕೆ ಡಬ್ಬಿ ಒಡೆಯಿತು. ಬರೆಯಿಸಲೇಬೇಕು, ತಪ್ಪಿಲ್ಲ. ಆದರೆ ಕಳ್ಳರಿಂದ ಸತ್ತವರನ್ನೂ ರಸ್ತೆಯಲ್ಲಿ ಸತ್ತವರನ್ನೂ ಈ ಊರುಗಳ ಹಿರಿಯರು ಒಮ್ಮೆ ಮನಸ್ಸಿನಲ್ಲೇ ಎಣಿಸಿ ನೋಡಲಿ.

2016ರ ಜೂನ್ 21ನ್ನು ಈ ವಲಯದ ಯಾವ ಕ್ರೈಸ್ತ ಕುಟುಂಬವೂ ಮರೆತಿಲ್ಲ. ಅಂದು ಬೆಳಿಗ್ಗೆ ತ್ರಾಸಿಯ ಮೊವಾಡಿ ಕ್ರಾಸಿನ ಬಳಿ ಶಾಲೆಯ ಮಕ್ಕಳನ್ನು ಕರೆದೊಯ್ಯುತ್ತಿದ್ದ ವ್ಯಾನಿಗೂ ಬಸ್ಸಿಗೂ ಡಿಕ್ಕಿಯಾಗಿ 8 ಮಕ್ಕಳು ತೀರಿಕೊಂಡರು. ಅಂತಹ ವ್ಯಾನುಗಳಲ್ಲಿ ಮಕ್ಕಳನ್ನು ಒತ್ತಿ ಕುಳ್ಳಿರಿಸುತ್ತಿದ್ದುದು ಯಾರಿಗೂ ಗೊತ್ತಿಲ್ಲದ ಗುಟ್ಟಾಗಿರಲಿಲ್ಲ. ನಮ್ಮ ಓಣಿಗಳಲ್ಲಿಯೂ ದಿನವೂ ಕಾಣುತ್ತಿದ್ದ ನೋಟವೇ ಅದು. ತಂದೆತಾಯಿಗಳಾದ ನಾವು ಬಾಗಿಲಲ್ಲಿ ನಿಂತು ಕೈಬೀಸಿ ಕಳುಹಿಸುತ್ತಿದ್ದೆವು. ಇಷ್ಟು ಮಕ್ಕಳನ್ನು ತುಂಬುತ್ತಿದ್ದಾರೆಂದು ಒಂದು ಸಾಲು ಬರೆದು ಕೊಡಲು ನಮ್ಮಲ್ಲಿ ಯಾರೂ ಹೋಗಿರಲಿಲ್ಲ.

ಕುಂಭಾಶಿಯ ಮಾತಿಗೆ ಬರೋಣ. ಹಿಂದೆ 17ನೆಯ ನಂಬರಿನದಾಗಿದ್ದ ರಾಷ್ಟ್ರೀಯ ಹೆದ್ದಾರಿ ಇಂದು 66 ಎನಿಸಿಕೊಂಡು, ಚತುಷ್ಪಥವಾಗಿ, ಊರನ್ನು ಎರಡು ಹೋಳು ಮಾಡಿ ಹಾಯ್ದುಹೋಗಿದೆ. ಒಂದು ಮಗ್ಗುಲಲ್ಲಿ ಆನೆಗುಡ್ಡೆಯ ವಿನಾಯಕ ದೇವಸ್ಥಾನ, ಇನ್ನೊಂದು ಮಗ್ಗುಲಲ್ಲಿ ಕೊರವಡಿಯ ಕಡಲು. ಸಂಕಷ್ಟಿಯ ದಿನ ದೂರದೂರಿನ ಭಕ್ತರು ದಾರಿ ತಿಳಿಯದೆ ಥಟ್ಟನೆ ವಾಹನ ತಿರುಗಿಸುತ್ತಾರೆ. ಊರಿನವರಾದ ನಾವು ದಾರಿ ಚೆನ್ನಾಗಿ ತಿಳಿದಿದ್ದೂ, ಮುಂದಿನ ತಿರುವಿನವರೆಗೆ ಹೋಗಲು ಸೋಮಾರಿತನದಿಂದ, ವಿರುದ್ಧ ದಿಕ್ಕಿನಲ್ಲಿ ಸ್ಕೂಟರು ಓಡಿಸುತ್ತೇವೆ. (ಪೂಜೆಗೆ ತಡವಾಯಿತೆಂಬುದು ನಮ್ಮವರ ನೆಚ್ಚಿನ ನೆಪ. ಪೂಜೆ ಎಷ್ಟು ಗಂಟೆಗೆಂದು ಹಿಂದಿನ ದಿನವೇ ಗೊತ್ತಿರುತ್ತದೆ!) 2024ರ ನವೆಂಬರಿನಲ್ಲಿ ಇಲ್ಲಿಯೇ, ಕೇರಳದ ಯಾತ್ರಿಕರಿದ್ದ ಕಾರೊಂದು ಹೆದ್ದಾರಿಯ ಮೇಲೆ ಹಿಂದಕ್ಕೆ ಸರಿಯುತ್ತಿದ್ದಾಗ ಲಾರಿ ಬಂದು ಅಪ್ಪಳಿಸಿ ಹಲವರು ಗಾಯಗೊಂಡ ದೃಶ್ಯವನ್ನು ನಾಡೆಲ್ಲ ಫೋನಿನಲ್ಲಿ ನೋಡಿತು. ನೋಡಿದ್ದಾಯಿತು, ಇತರರಿಗೆ ಕಳುಹಿಸಿದ್ದಾಯಿತು.

ಇಲ್ಲಿ ನಮ್ಮದೇ ಒಂದು ತಪ್ಪನ್ನು ಒಪ್ಪಿಕೊಳ್ಳದೆ ಮುಂದೆ ಮಾತಾಡುವುದು ಸರಿಯಾಗದು. ಹಲವು ವರ್ಷಗಳ ಹಿಂದೆ ಮಳೆಗಾಲದ ಒಂದು ಸಂಜೆ, ಇದೇ ರಸ್ತೆಯ ಬದಿಯಲ್ಲಿ ಬೈಕಿನಿಂದ ಬಿದ್ದು ನರಳುತ್ತಿದ್ದ ಒಬ್ಬ ಯುವಕನನ್ನು ನಾವು ಕಂಡೆವು. ಹತ್ತಿರ ಹೋದರೆ ಸಾಕ್ಷಿಯಾಗಬೇಕಾದೀತು, ಕೋರ್ಟಿಗೆ ಅಲೆಯಬೇಕಾದೀತು ಎಂದು ಹೆದರಿ, ಬಂದ ಬಸ್ಸನ್ನೇರಿ ಹೊರಟುಹೋದೆವು. ಅವನು ಬದುಕಿದನೋ ಇಲ್ಲವೋ ತಿಳಿಯದು. ಯೆರೂಸಲೇಮಿನಿಂದ ಯೆರಿಕೋವಿಗೆ ಹೋಗುವ ದಾರಿಯಲ್ಲಿ ಬಿದ್ದವನನ್ನು ಕಂಡೂ ಪಕ್ಕಕ್ಕೆ ಸರಿದುಹೋದ ಯಾಜಕನ ಕಥೆಯನ್ನು ಬಾಲ್ಯದಿಂದ ಕೇಳುತ್ತ ಬೆಳೆದವರು ನಾವು.

ಅಂದಿನ ನಮ್ಮ ಅಂಜಿಕೆಗೆ ಇಂದು ಕಾನೂನಿನಲ್ಲಿ ಆಧಾರವಿಲ್ಲ. 2016ರ ಮಾರ್ಚಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಗಾಯಾಳುಗಳಿಗೆ ನೆರವಾಗುವವರ ರಕ್ಷಣೆಗೆಂದು ವಿಧಿಸಿದ್ದ ನಿಯಮಗಳನ್ನು ಎತ್ತಿಹಿಡಿಯಿತು. ಅದೇ ವರ್ಷ ನಮ್ಮ ರಾಜ್ಯವೂ ಶಾಸನವನ್ನು ರೂಪಿಸಿತು. 2019ರಲ್ಲಿ ಮೋಟಾರು ವಾಹನ ಕಾಯಿದೆಗೂ ಅದು ಸೇರಿತು. ಆಸ್ಪತ್ರೆಗೆ ಮುಟ್ಟಿಸಿದವನು ತನ್ನ ಹೆಸರು ಹೇಳಬೇಕೆಂಬ ಬಲವಂತವಿಲ್ಲ. ತಾನಾಗಿ ಒಪ್ಪಿದರೆ ಮಾತ್ರ ಸಾಕ್ಷಿ. ಈ ಕಾಯಿದೆಗಳು ಸುವಾರ್ತೆಯ ಆ ಸಮಾರಿಯದವನ ಹೆಸರನ್ನೇ ಧರಿಸಿವೆ. ಇದಲ್ಲದೆ 2016ರಲ್ಲಿಯೇ ಆರಂಭವಾದ ಹರೀಶ್ ಸಾಂತ್ವನ ಯೋಜನೆಯು, ಅಪಘಾತದ ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿಯವರೆಗಿನ ವೆಚ್ಚವನ್ನು ಸರಕಾರವೇ ಭರಿಸುವಂತೆ ಏರ್ಪಡಿಸಿತು. ಫೋನು ಮಾಡಬೇಕಾದುದು 112ಕ್ಕೆ.

ಇನ್ನು ದೂರು ಕೊಡುವಾಗ ಬಾಗಿಲು ತಪ್ಪಬಾರದು. ಹೆದ್ದಾರಿಯು ಪೋಲೀಸರ ಸೊತ್ತಲ್ಲ, ಪಂಚಾಯತಿಯದೂ ಅಲ್ಲ; ಅದು ಹೆದ್ದಾರಿ ಪ್ರಾಧಿಕಾರದ್ದು. ದೀಪವಿಲ್ಲದ ತಿರುವಿಗೂ ಮುಗಿಯದ ಸರ್ವಿಸ್ ರಸ್ತೆಗೂ ಠಾಣೆಯ ಕಾನ್‌ಸ್ಟೇಬಲನನ್ನು ಬೈದು ಫಲವಿಲ್ಲ. ಅವನು ಹೆಚ್ಚೆಂದರೆ ಎರಡು ಬ್ಯಾರಿಕೇಡು ತಂದಿಟ್ಟಾನು. ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯಲ್ಲಿ ರಸ್ತೆ ಸುರಕ್ಷತಾ ಸಮಿತಿಯೊಂದಿದೆ. ಇಂತಹ ಜಾಗದಲ್ಲಿ ಇಂತಹ ದಿನ ಇಂತಹ ಅಪಘಾತವಾಯಿತೆಂದು ಠಾಣೆಯ ಪುಸ್ತಕದಲ್ಲಿ ದಾಖಲೆಯಿದ್ದರೆ ಆ ಸಮಿತಿಯ ಮುಂದೆ ನಮ್ಮ ಮನವಿಗೆ ತೂಕ ಬರುತ್ತದೆ. ಸಣ್ಣ ಪೆಟ್ಟಾಯಿತು, ರಾಜಿಯಾಯಿತು ಎಂದು ರಸ್ತೆಯಲ್ಲೇ ಮುಗಿಸಿಬಿಟ್ಟರೆ ಆ ಜಾಗ ಕಾಗದದ ಮೇಲೆ ಎಂದೆಂದಿಗೂ ಸುರಕ್ಷಿತವಾಗಿಯೇ ಉಳಿಯುತ್ತದೆ.

ಕಡಲಿನ ವಿಷಯವೂ ಇಂತಹುದೇ. ಮಲ್ಪೆಯಲ್ಲಿ ಕೇಂದ್ರ ಕಚೇರಿಯುಳ್ಳ ಕರಾವಳಿ ಕಾವಲು ಪೋಲೀಸರಿಗೆ ಗಂಗೊಳ್ಳಿಯಲ್ಲಿ ಠಾಣೆಯಿದೆ. ಆದರೆ ಯಾವ ತಿಂಗಳಲ್ಲಿ ನೀರಿನ ಸೆಳೆತ ಹೇಗಿರುತ್ತದೆಂಬುದನ್ನು ಬಲ್ಲವರು ದಡದ ಮೊಗವೀರ, ಖಾರ್ವಿ ಬಂಧುಗಳು. 2025ರ ಆಗಸ್ಟ್ ತಿಂಗಳ ಕೊನೆಗೆ ಗೋಪಾಡಿಯಲ್ಲಿ ಬೆಂಗಳೂರಿನಿಂದ ಬಂದ ಮೂವರು ವಿದ್ಯಾರ್ಥಿಗಳು ನೀರುಪಾಲಾದರು. ನೀರಿಗಿಳಿಯಬೇಡಿರೆಂದು ಹೇಳುವ ಅಧಿಕಾರ ತಮಗಿದೆಯೇ ಎಂದು ದಡದವರು ಸಂಕೋಚಪಡುತ್ತಾರೆ. ಪಕ್ಕದಲ್ಲಿ ಖಾಕಿ ಧರಿಸಿದವನೊಬ್ಬನಿದ್ದರೆ ಆ ಮಾತಿಗೆ ಬೆಲೆ ಬರುತ್ತದೆ.

ಮನೆಯೊಳಗಿನ ಮಾತು ಎಲ್ಲಕ್ಕಿಂತ ಕಷ್ಟದ್ದು. ನಮ್ಮ ಎಷ್ಟೋ ಮನೆಗಳಲ್ಲಿ ಮಕ್ಕಳು ಮುಂಬಯಿಯಲ್ಲಿ, ಕುವೈತಿನಲ್ಲಿ, ಇಲ್ಲಿ ಮುದುಕರಿಬ್ಬರೇ. ಪೋಲೀಸು ಅಧಿಕಾರಿಯೆಂದು ಹೇಳಿಕೊಂಡು ಫೋನಿನ ತೆರೆಯ ಮೇಲೆ ಕಾಣಿಸಿಕೊಂಡು, ‘ನಿಮ್ಮನ್ನು ಬಂಧಿಸಿದ್ದೇವೆ, ಹಣ ಕಳುಹಿಸಿರಿ’ ಎಂದು ಹೆದರಿಸುವವರಿದ್ದಾರೆ. ಹಾಗೆ ಬಂಧಿಸುವ ಕ್ರಮ ಈ ದೇಶದ ಯಾವ ಕಾಯಿದೆಯಲ್ಲಿಯೂ ಇಲ್ಲ. ಹಣ ಹೋದರೆ ಮಕ್ಕಳು ಬೈದಾರೆಂದು ಅಡಗಿಸಿಡದೆ ತತ್‌ಕ್ಷಣ 1930ಕ್ಕೆ ತಿಳಿಸಿದರೆ ತಡೆಯುವ ಸಾಧ್ಯತೆಯುಂಟು. ಕುಡಿದು ಬಂದ ಗಂಡನ ಪೆಟ್ಟು ತಿನ್ನುವ ಹೆಣ್ಣುಮಗಳ ಕೂಗು ನೆರೆಮನೆಗೆ ಕೇಳಿಸಿದಾಗ, ಗಂಡ ಹೆಂಡಿರ ಜಗಳ ನಮಗೇಕೆಂದು ಜಪಸರವನ್ನು ಇನ್ನಷ್ಟು ಗಟ್ಟಿಯಾಗಿ ಹೇಳಿದವರೂ ನಮ್ಮಲ್ಲಿದ್ದಾರೆ. 2005ರ ಕಾಯಿದೆಯ ಪ್ರಕಾರ ಆ ಕೂಗನ್ನು ಕೇಳಿದ ಯಾರಾದರೂ ರಕ್ಷಣಾಧಿಕಾರಿಗೆ ತಿಳಿಸಬಹುದು. ಸದ್ಭಾವನೆಯಿಂದ ತಿಳಿಸಿದವರ ಮೇಲೆ ಯಾವ ಹೊಣೆಯೂ ಬಾರದು.

2017ರಲ್ಲಿ ರಾಜ್ಯದ ಪೋಲೀಸು ಇಲಾಖೆಯು ಗಸ್ತಿನ ಪದ್ಧತಿಯನ್ನು ತಿದ್ದಿ, ಸರಹದ್ದನ್ನು ಹಂಚಿ, ಒಬ್ಬೊಬ್ಬ ಸಿಬ್ಬಂದಿಗೆ ಒಂದೊಂದು ಬೀಟನ್ನು ವಹಿಸಿತು. 2025ರ ಜುಲೈಯಲ್ಲಿ ‘ಮನೆ ಮನೆಗೆ ಪೋಲೀಸ್’ ಎಂಬ ಕಾರ್ಯಕ್ರಮವೂ ಆರಂಭವಾಯಿತು. ನಮಗೆ ಇದು ತೀರ ಹೊಸತಲ್ಲ. ಇಗರ್ಜಿಯನ್ನು ವಾಳೆಗಳಾಗಿ ವಿಂಗಡಿಸಿ, ವಾಳೆಗೊಬ್ಬ ಗುರ್ಕಾರನನ್ನು ನೇಮಿಸಿದ ಹಿರಿಯರು, ಯಾವ ಮನೆಯಲ್ಲಿ ಯಾರು ಹಾಸಿಗೆ ಹಿಡಿದಿದ್ದಾರೆಂದು ತಿಳಿಯುವ ಏರ್ಪಾಡನ್ನು ಆಗಲೇ ಮಾಡಿದ್ದರು. ಗುರ್ಕಾರನಿಗೂ ಬೀಟಿನ ಪೋಲೀಸಿನವನಿಗೂ ಮುಖಪರಿಚಯವಾದರೆ ಅರ್ಧ ಕೆಲಸ ಆದಂತೆಯೇ. ಒಂಟಿಯಾಗಿರುವ ವೃದ್ಧರ ಪಟ್ಟಿಯನ್ನು ಅವರ ಒಪ್ಪಿಗೆ ಪಡೆದು ಆತನಿಗೆ ಕೊಡೋಣ. ದಯವಿಟ್ಟು ಆ ಪಟ್ಟಿಯನ್ನು ಇಗರ್ಜಿಯ ನೋಟೀಸು ಫಲಕಕ್ಕೆ ಮಾತ್ರ ಅಂಟಿಸಬೇಡಿರಿ. ಕಳ್ಳರಿಗೂ ಓದಲು ಬರುತ್ತದೆ.

ಚೌತಿಯೂ ಮೊಂತಿ ಹಬ್ಬವೂ ಹೆಚ್ಚು ಕಡಿಮೆ ಒಂದೇ ಸಮಯಕ್ಕೆ ಬರುತ್ತವೆ. ಹೂವಿನ ಬುಟ್ಟಿ ಹಿಡಿದ ನಮ್ಮ ಮಕ್ಕಳೂ ಆನೆಗುಡ್ಡೆಯ ಭಕ್ತರೂ ದಾಟಬೇಕಾದುದು ಇದೇ ಹೆದ್ದಾರಿಯನ್ನು. ಅದಕ್ಕೆ ಮುಂಚಿನ ಒಂದು ಸೋಮವಾರ ಬೆಳಿಗ್ಗೆ 8ರಿಂದ 10ರವರೆಗೆ ಕುಂಭಾಶಿಯ ತಿರುವಿನಲ್ಲಿ ನಿಂತು, ಎಷ್ಟು ಮಂದಿ ದಾಟುತ್ತಾರೆ, ಎಷ್ಟು ವಾಹನಗಳು ವಿರುದ್ಧ ದಿಕ್ಕಿನಲ್ಲಿ ಬರುತ್ತವೆ ಎಂದು ಎಣಿಸಿ ಬರೆಯಬೇಕೆಂದಿದ್ದೇವೆ. ದೇವಸ್ಥಾನದ ಕಡೆಯವರನ್ನೂ ಪಂಚಾಯತಿಯವರನ್ನೂ ಜೊತೆಗೆ ಕರೆಯೋಣ. ಬರುವವರು ಈ ಸಭೆ ಮುಗಿದೊಡನೆ ತಮ್ಮ ವಾಳೆಯ ಗುರ್ಕಾರರಲ್ಲಿ ಹೆಸರು ಕೊಡಿರಿ. ಮನವಿಯ ಕರಡನ್ನು ನಾವು ಸಿದ್ಧಪಡಿಸಿದ್ದೇವೆ. ಲೆಕ್ಕ ತುಂಬುವ ಜಾಗವನ್ನಷ್ಟೇ ಖಾಲಿ ಬಿಟ್ಟಿದ್ದೇವೆ.