ಕೀಲಿ ಯಾರ ಕೈಯಲ್ಲಿ?



ಬಿದ್ರಿಯಲ್ಲಿ ನಾವು ಕೆಲವು ಕುಟುಂಬದವರು ಸೇರಿ ಕೊಲ್ಹಾಪುರದ ಬೆಲ್ಲ ಮಾರಲು ಆನ್‌ಲೈನ್ ಅಂಗಡಿ ಹೂಡಿದೆವು. ಬೆಲ್ಲದ ಫೋಟೋ ಏರಿಸಹೋದರೆ ‘ಅನುಮತಿ ಇಲ್ಲ’ ಎಂದಿತು. ಬೇಸತ್ತು ಎಲ್ಲಕ್ಕೂ 777 ಕೊಟ್ಟೆವು. ಫೋಟೋ ಏರಿತು, ಆದರೆ ಉಗ್ರಾಣದ ಬಾಗಿಲನ್ನು ಹಾರುಹೊಡೆದಂತಾಯಿತು.

ಮೂರು ಅಂಕಿಗಳು ಒಡೆಯನಿಗೆ, ಅವನ ಗುಂಪಿಗೆ, ಮಿಕ್ಕವರಿಗೆ ಸಲ್ಲುವ ಹಕ್ಕು. ಓದಲು 4, ಬರೆಯಲು 2, ನಡೆಸಲು 1, ಕೂಡಿದರೆ 7. ಅದೇ ಯಂತ್ರದಲ್ಲಿರುವ ಪರರೂ ನಮ್ಮ ಫೈಲು ತಿದ್ದಿ, ಗಿರಾಕಿಯ ಹಣವನ್ನು ಬೇರೆಡೆ ತಿರುಗಿಸಬಹುದು!

ಸಾಮಾನ್ಯವಾಗಿ ಫೋಲ್ಡರಿಗೆ 755, ಫೈಲಿಗೆ 644 ಸಾಕು. ನಮ್ಮ ತಪ್ಪು ಒಡೆತನದಲ್ಲಿತ್ತು: ಫೋಟೋ ಫೋಲ್ಡರು ಅಂಗಡಿ ನಡೆಸುವ ಖಾತೆಯ ಹೆಸರಿನಲ್ಲಿರಲಿಲ್ಲ. ಹೆಸರು ಸರಿಪಡಿಸಿ 777 ತೆಗೆದೆವು; ಕೆಲಸ ಸಾಗಿತು.

ಬಂಧುಗಳೇ, ದುಡಿಯುವವನ ಕೈಗೆ ಕೀಲಿ ಕೊಡೋಣ. ಬಾಗಿಲನ್ನೇ ಕೀಳುವುದು ಬೇಡ.